ಕಾರ್ಯಾದೇಶವಿಲ್ಲದ ರಸ್ತೆ: ಹಿಂಡಲಗಾದಿಂದ ಕೆಲವು ವರದಿಗಳ ಓದು

ಹಿಂಡಲಗಾ ಎಂದರೆ ಕನ್ನಡದ ಓದುಗರಿಗೆ ಮೊದಲು ನೆನಪಾಗುವುದು ಜೈಲು. 1923ರಲ್ಲಿ ಕಟ್ಟಿದ ಈ ಕಾರಾಗೃಹ ಬೆಳಗಾವಿಯ ಪಶ್ಚಿಮಕ್ಕೆ, ವೆಂಗುರ್ಲಾ ರಸ್ತೆಯ ಕಡೆಗಿದೆ. ಬ್ರಿಟಿಷರು ಹೋದ ಮೇಲೂ ಅದಕ್ಕೆ ಕೆಲಸ ತಪ್ಪಲಿಲ್ಲ. 1950ರಲ್ಲಿ ಸ್ವತಂತ್ರ ಭಾರತದ ಸರ್ಕಾರ ಸಾವರ್ಕರ್ ಅವರನ್ನು ಮುಂಜಾಗ್ರತಾ ಬಂಧನದಲ್ಲಿ ಇಟ್ಟದ್ದು ಇಲ್ಲಿಯೇ. ಇದೇ ಊರಿನ ಹೆಸರು ಗಡಿಯ ಮರಾಠಿ ಮಾತಾಡುವವರಿಗೆ ಬೇರೆಯದನ್ನು ನೆನಪಿಸುತ್ತದೆ. 1986ರ ಜೂನ್ ತಿಂಗಳಲ್ಲಿ ಕನ್ನಡ ಕಡ್ಡಾಯದ ವಿರುದ್ಧ ನಡೆದ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಸತ್ತವರ ಸ್ಮಾರಕ ಇಲ್ಲಿದೆ. ಪ್ರತಿ ವರ್ಷ ಜೂನ್ 1ರಂದು ಅಲ್ಲಿ ಸಭೆ ಸೇರುತ್ತದೆ.

2022ರ ಏಪ್ರಿಲ್ ತಿಂಗಳಲ್ಲಿ ಇದೇ ಹೆಸರು ಮೂರನೆಯ ಕಾರಣಕ್ಕೆ ರಾಜ್ಯದ ಎಲ್ಲ ಪತ್ರಿಕೆಗಳ ಮುಖಪುಟಕ್ಕೆ ಬಂತು. ಊರ ಲಕ್ಷ್ಮಿ ಜಾತ್ರೆಗೆ ಮುಂಚೆ ಹಿಂಡಲಗಾದ ರಸ್ತೆ, ಗಟಾರದ ಕೆಲಸಗಳನ್ನು ಮಾಡಿಸಿದ್ದ ಗುತ್ತಿಗೆದಾರರೊಬ್ಬರು, ತನಗೆ ಬರಬೇಕಾದ ಸುಮಾರು 4 ಕೋಟಿ ರೂಪಾಯಿ ಬಂದಿಲ್ಲ, ಶೇ. 40ರಷ್ಟು ಕಮಿಷನ್ ಕೇಳುತ್ತಿದ್ದಾರೆ ಎಂದು ಅಂದಿನ ಗ್ರಾಮೀಣಾಭಿವೃದ್ಧಿ ಸಚಿವರ ಕಡೆಯವರ ಮೇಲೆ ಆರೋಪ ಮಾಡಿದ್ದರು. ಅವರು ಉಡುಪಿಯ ವಸತಿಗೃಹವೊಂದರಲ್ಲಿ ಸಾವಿಗೀಡಾದರು. ಸಚಿವರು ಆರೋಪ ನಿರಾಕರಿಸಿದರು, ಆದರೂ ರಾಜೀನಾಮೆ ಕೊಟ್ಟರು. ಕೆಲವು ತಿಂಗಳ ನಂತರ ಪೊಲೀಸರು ಸಾಕ್ಷ್ಯವಿಲ್ಲವೆಂದು ಬಿ ರಿಪೋರ್ಟ್ ಸಲ್ಲಿಸಿದರು. ಇಷ್ಟು ಸಾರ್ವಜನಿಕ ದಾಖಲೆಯಲ್ಲಿ ಇರುವ ಸಂಗತಿ. ಯಾರು ತಪ್ಪಿತಸ್ಥರು ಎಂದು ತೀರ್ಪು ಕೊಡುವುದು ಈ ಬರಹದ ಕೆಲಸವಲ್ಲ. ನನ್ನ ಆಸಕ್ತಿ ಆ ಪ್ರಕರಣದಲ್ಲಿ ಮತ್ತೆ ಮತ್ತೆ ಕೇಳಿಬಂದ ಒಂದು ಪದದಲ್ಲಿ: ಕಾರ್ಯಾದೇಶ. ಕೆಲಸಕ್ಕೆ ಕಾರ್ಯಾದೇಶವೇ ಇರಲಿಲ್ಲ, ಆದ್ದರಿಂದ ದುಡ್ಡು ಕೊಡುವ ಪ್ರಶ್ನೆಯೇ ಇಲ್ಲ ಎಂಬುದು ಸರ್ಕಾರದ ಕಡೆಯ ಮಾತಾಗಿತ್ತು. ಅಂದರೆ ಊರಲ್ಲಿ ರಸ್ತೆ ಇದೆ. ಜನ ಅದರ ಮೇಲೆ ನಡೆದಿದ್ದಾರೆ, ದೇವಿಯ ತೇರು ಹೋಗಿದೆ. ಕಡತದಲ್ಲಿ ಮಾತ್ರ ಆ ರಸ್ತೆ ಇಲ್ಲ.

ವಸಾಹತೋತ್ತರ ಪ್ರಭುತ್ವದ ಬಗ್ಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬೇಕಾದಷ್ಟು ಸಿದ್ಧಾಂತ ಓದುತ್ತೇವೆ. ಅದನ್ನೆಲ್ಲ ಒಂದು ಊರಿನಲ್ಲಿ ಇಳಿಸಿ ನೋಡಬೇಕೆಂದರೆ ಹಿಂಡಲಗಾಕ್ಕಿಂತ ಬೇರೆ ಊರು ಬೇಡ. ಪರಕೀಯ ಸರ್ಕಾರ ಕಟ್ಟಿದ ಜೈಲು, ಸ್ವಂತ ಸರ್ಕಾರದ ಭಾಷಾನೀತಿಯ ಸುತ್ತ ಎದ್ದ ಸ್ಮಾರಕ, ಮತ್ತು ಯಾವ ಸರ್ಕಾರವೂ ತನ್ನದೆಂದು ಒಪ್ಪದ ರಸ್ತೆ ಮೂರೂ ಇಲ್ಲಿವೆ. ಮೊದಲ ಎರಡರ ಬಗ್ಗೆ ನಮ್ಮಲ್ಲಿ ಪುಸ್ತಕಗಳಿವೆ, ಭಾಷಣಗಳಿವೆ, ಕವಿಗೋಷ್ಠಿಗಳಿವೆ. ಮೂರನೆಯದರ ಬಗ್ಗೆ ಸುದ್ದಿ ಇದೆ, ಸಾಹಿತ್ಯವಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದನ್ನು ಓದುವ ವಿಮರ್ಶೆಯಿಲ್ಲ. ಬೆಳಗಾವಿ ಯಾರದ್ದು ಎಂಬ ಪ್ರಶ್ನೆಗೆ ಎರಡು ಭಾಷೆಗಳಲ್ಲಿ ರಾಶಿ ರಾಶಿ ಬರೆದ ನಾವು, ಬೆಳಗಾವಿಗೆ ಏನು ಸಿಕ್ಕಿತು, ಬೆಳಗಾವಿಯೊಳಗೆ ಯಾರಿಗೆ ಸಿಕ್ಕಿತು ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರದವರಿಗೆ ಬಿಟ್ಟುಕೊಟ್ಟೆವು. ಈ ಬಿಟ್ಟುಕೊಡುವಿಕೆಯಿಂದ ಸಾಹಿತ್ಯಕ್ಕೂ ನಷ್ಟವಾಗಿದೆ, ಊರಿಗೂ ನಷ್ಟವಾಗಿದೆ ಎಂಬುದು ನನ್ನ ವಾದ.

ಈ ವಾದಕ್ಕೆ ಬೇಕಾದ ಪಠ್ಯಗಳು ಎಲ್ಲರಿಗೂ ಗೊತ್ತಿರುವಂಥವೇ. ಆದರೆ ಅವನ್ನು ಪಠ್ಯಗಳೆಂದು ಓದುವ ರೂಢಿ ನಮ್ಮಲ್ಲಿಲ್ಲ. ಮೊದಲನೆಯದು ರಾಜ್ಯ ಪುನರ್ವಿಂಗಡಣಾ ಆಯೋಗದ 1955ರ ವರದಿ. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಸೇರಿ ಬರೆದ ಈ ವರದಿ ಭಾಷೆಯೊಂದನ್ನೇ ಅಳತೆಗೋಲು ಮಾಡಿಕೊಳ್ಳಲು ಒಪ್ಪಲಿಲ್ಲ. ಬೆಳಗಾವಿಯ ವಿಷಯದಲ್ಲಿ ಅದು ಜನ ಆಡುವ ಮಾತಿನ ಜೊತೆಗೆ ಸಂತೆ, ವ್ಯಾಪಾರ, ಆಡಳಿತದ ಸಂಬಂಧಗಳನ್ನೂ ತೂಕಕ್ಕೆ ಹಾಕಿತು. ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹಿಂಡಲಗಾದಿಂದ ವೆಂಗುರ್ಲಾ ರಸ್ತೆಯಲ್ಲೇ ಮುಂದೆ ಹೋದರೆ ಸುಳಗಾ, ಉಚಗಾಂವ ದಾಟಿ ಆ ಚಂದಗಡದ ಶಿನೋಳಿ ಸಿಗುತ್ತದೆ. ಈ ರಸ್ತೆ ಒಂದು ಕಾಲಕ್ಕೆ ಬಯಲುಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ವೆಂಗುರ್ಲಾ ಬಂದರಿಗೆ ಮುಟ್ಟಿಸುತ್ತಿದ್ದ ದಾರಿ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಬಂದ ಮೇಲೆ ಸರಕು ಮಾರ್ಮಗೋವಾ ಕಡೆ ತಿರುಗಿತು. ವಸಾಹತಿನ ರಸ್ತೆ, ರೈಲು ಎರಡೂ ಸಮುದ್ರದ ಕಡೆ ಮುಖ ಮಾಡಿದ್ದವು. ಹಳ್ಳಿಯಿಂದ ಹಳ್ಳಿಗೆ ದಾರಿ ಬೇಕೆಂಬುದು ಅವುಗಳ ಚಿಂತೆಯಾಗಿರಲಿಲ್ಲ. 1956ರಲ್ಲಿ ಎಳೆದ ಗೆರೆ ಈ ದಾರಿಯನ್ನು ಅಡ್ಡ ಕತ್ತರಿಸಿತು. ದಾರಿಯ ಮುಖ ಬದಲಾಯಿಸುವ ಕೆಲಸ ಗೆರೆಯಿಂದ ಆಗುವಂಥದ್ದಾಗಿರಲಿಲ್ಲ.

ಎರಡನೆಯದು ಮಹಾಜನ ವರದಿ. ಸೇನಾಪತಿ ಬಾಪಟ್ ಅವರ ಉಪವಾಸದ ನಂತರ 1966ರ ಅಕ್ಟೋಬರ್ ತಿಂಗಳಲ್ಲಿ ನೇಮಕವಾದ, ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಏಕಸದಸ್ಯ ಆಯೋಗ 1967ರ ಆಗಸ್ಟ್ ತಿಂಗಳಲ್ಲಿ ವರದಿ ಕೊಟ್ಟಿತು. ಮಹಾರಾಷ್ಟ್ರ ಕೇಳಿದ್ದು 814 ಹಳ್ಳಿಗಳನ್ನು. ಆಯೋಗ ನಿಪ್ಪಾಣಿ, ಖಾನಾಪುರ, ನಂದಗಡ ಸೇರಿದಂತೆ 264 ಊರುಗಳನ್ನು ಅತ್ತ ಕೊಡಬಹುದೆಂದಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ 247 ಊರುಗಳನ್ನು ಇತ್ತ ಕೊಡಬೇಕೆಂದಿತು. ಬೆಳಗಾವಿ ನಗರ ಮೈಸೂರು ರಾಜ್ಯದಲ್ಲೇ ಇರಲಿ ಎಂದಿತು. ಕಾಸರಗೋಡಿನಲ್ಲಿ ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. ಕರ್ನಾಟಕದಲ್ಲಿ 'ಮಹಾಜನ ವರದಿಯೇ ಅಂತಿಮ' ಎಂಬುದು ಘೋಷಣೆಯಾಯಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಗೋಡೆಯ ಮೇಲೆ ಹೀಗೆ ಬರೆಯುವವರು ಗಮನಿಸದ ಒಂದು ವಿಷಯವಿದೆ. ಅದೇ ಅಂತಿಮವಾದರೆ ಖಾನಾಪುರವನ್ನೂ ನಿಪ್ಪಾಣಿಯನ್ನೂ ಬಿಟ್ಟುಕೊಡಬೇಕಾಗುತ್ತದೆ. ಪೂರ್ತಿ ಓದದ ವರದಿಯೊಂದು ಘೋಷಣೆಯಾಗಿ ಬದುಕುವ ಬಗೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮೂರನೆಯದು ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ, 2002ರದು. ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ರಚನೆಯಾದ ಈ ಉನ್ನತಾಧಿಕಾರ ಸಮಿತಿ 35 ಸೂಚಕಗಳನ್ನು ಇಟ್ಟುಕೊಂಡು, ರಾಜ್ಯದ ಸರಾಸರಿಯನ್ನು 1 ಎಂದು ಹಿಡಿದು, ಅಂದಿನ 175 ತಾಲ್ಲೂಕುಗಳನ್ನೂ ಅಳೆಯಿತು. 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದಲ್ಲಿದ್ದವು. ಅವುಗಳಲ್ಲಿ 21 ಕಲಬುರಗಿ ವಿಭಾಗದವು, 5 ಬೆಳಗಾವಿ ವಿಭಾಗದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ವೆಚ್ಚ ಮಾಡಬೇಕು, ಅದರಲ್ಲಿ 16,000 ಕೋಟಿ ವಿಶೇಷ ಅಭಿವೃದ್ಧಿ ಯೋಜನೆಯ ಹೆಚ್ಚುವರಿ ಹಣವಾಗಿರಬೇಕು ಎಂಬುದು ಅದರ ಶಿಫಾರಸು. ಯೋಜನೆ ಶುರುವಾದದ್ದು 2007-08ರಲ್ಲಿ. ನಿಗದಿಯಾದದ್ದೆಷ್ಟು, ಬಿಡುಗಡೆಯಾದದ್ದೆಷ್ಟು, ಖರ್ಚಾದದ್ದೆಷ್ಟು ಎಂಬ ಜಗಳ ಇಂದಿಗೂ ನಿಂತಿಲ್ಲ. 2024ರಲ್ಲಿ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯನ್ನೇ ರಚಿಸಬೇಕಾಯಿತು.

ಈ ವರದಿಗಳನ್ನು ಒಟ್ಟಿಗಿಟ್ಟು ಓದಿದರೆ ಎದ್ದು ಕಾಣುವುದು ಘಟಕದ ಪ್ರಶ್ನೆ. ಎಣಿಕೆಗೆ ಯಾವುದನ್ನು ಒಂದು ಎಂದು ಹಿಡಿಯಬೇಕು? ಫಜಲ್ ಅಲಿ ಆಯೋಗ ಜಿಲ್ಲೆಯಿಂದ ಶುರು ಮಾಡಿ ಒಂದು ತಾಲ್ಲೂಕನ್ನು ತೆಗೆದು ಕೊಟ್ಟಿತು. ಮಹಾರಾಷ್ಟ್ರದ ಬೇಡಿಕೆಯ ಮೂಲತತ್ವ ಹಳ್ಳಿಯೇ ಘಟಕವಾಗಬೇಕೆಂಬುದು. ನಂಜುಂಡಪ್ಪ ಸಮಿತಿಗೆ ತಾಲ್ಲೂಕು ಘಟಕ. ಘಟಕ ಬದಲಾದರೆ ಫಲಿತಾಂಶ ಬದಲಾಗುತ್ತದೆ. ಇದು ಲೆಕ್ಕದವರಿಗೆ ಗೊತ್ತಿರುವ ಮಾತು, ಆದರೆ ಕಥನದ ವಿದ್ಯಾರ್ಥಿಗಳಿಗೆ ಇನ್ನೂ ಚೆನ್ನಾಗಿ ಗೊತ್ತಿರಬೇಕು. ಕಾದಂಬರಿಕಾರ ಒಂದು ಮನೆಯ ಕತೆ ಹೇಳಬೇಕೋ, ಒಂದು ಊರಿನ ಕತೆ ಹೇಳಬೇಕೋ ಎಂದು ತೀರ್ಮಾನಿಸುವಾಗ ಮಾಡುವ ಆಯ್ಕೆಯೂ ಇದೇ. ಯಾವುದು ಕಾಣಿಸಬೇಕು, ಯಾವುದು ಮರೆಯಾಗಬೇಕು ಎಂಬುದು ಅಲ್ಲಿಯೇ ನಿರ್ಧಾರವಾಗಿಬಿಡುತ್ತದೆ.

ಖಾನಾಪುರವನ್ನು ನೋಡೋಣ. ತಾಲ್ಲೂಕಿನ ಪೂರ್ವಕ್ಕೆ ಗದ್ದೆ, ಹೆಂಚಿನ ಕಾರ್ಖಾನೆ, ಹೆದ್ದಾರಿ, ರೈಲು ಇವೆ. ಪಶ್ಚಿಮಕ್ಕೆ ಭೀಮಗಡದ ಕಾಡು. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ ಈ ಕಾಡಿನೊಳಗೆ ಆಮಗಾಂವ, ಗವಾಳಿ, ಕೊಂಗಳಾ, ತಳೇವಾಡಿಯಂಥ ಸಣ್ಣ ಊರುಗಳಿವೆ. ಮಳೆಗಾಲದಲ್ಲಿ ಹಳ್ಳ ಉಕ್ಕಿದಾಗ ರೋಗಿಯನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ತಂದ ಸುದ್ದಿ ಈ ಭಾಗದಿಂದ ಬರುತ್ತಲೇ ಇರುತ್ತದೆ. ತಾಲ್ಲೂಕಿನ ಸರಾಸರಿ ತೆಗೆದಾಗ ಈ ಊರುಗಳು ಹೆದ್ದಾರಿಯ ಊರುಗಳ ಜೊತೆ ಕೂಡಿ ಭಾಗವಾಗುತ್ತವೆ. ಭಾಷೆಯ ಎಣಿಕೆಯಲ್ಲೂ ಇವುಗಳ ಗತಿ ಇದೇ. ಇಲ್ಲಿನ ಜನ ಹೆಚ್ಚಾಗಿ ಆಡುವುದು ಮರಾಠಿ. ಆದರೆ ಅವರು ಮರಾಠಿಗರಾಗಿ ಒಂದು ಪಟ್ಟಿಯಲ್ಲಿ ಸೇರುತ್ತಾರೆಯೇ ಹೊರತು ದಾರಿಯಿಲ್ಲದವರಾಗಿ ಯಾವ ಪಟ್ಟಿಯಲ್ಲೂ ಸೇರುವುದಿಲ್ಲ. ಗಡಿ ಹೋರಾಟಕ್ಕೆ ಅವರ ಸಂಖ್ಯೆ ಬೇಕು. ಅರಣ್ಯ ಇಲಾಖೆಗೆ ಅವರು ಸ್ಥಳಾಂತರವಾಗಬೇಕು.

ಅದೇ ಖಾನಾಪುರ ತಾಲ್ಲೂಕಿನಲ್ಲಿ ಎರಡು ನದಿಗಳು ಹುಟ್ಟುತ್ತವೆ. ಕಣಕುಂಬಿಯ ಮಲಪ್ರಭೆ ಪೂರ್ವಕ್ಕೆ ಬಯಲಿಗೆ ಹರಿಯುತ್ತದೆ. ದೇಗಾಂವದ ಮಹದಾಯಿ ಪಶ್ಚಿಮಕ್ಕೆ ಗೋವಾ ಕಡೆ ಇಳಿಯುತ್ತದೆ. ಪಶ್ಚಿಮದ ನೀರಿನಲ್ಲಿ ಸ್ವಲ್ಪವನ್ನು ಪೂರ್ವಕ್ಕೆ ತಿರುಗಿಸಿ ಹುಬ್ಬಳ್ಳಿ-ಧಾರವಾಡ ಮತ್ತು ಸುತ್ತಲ ಊರುಗಳಿಗೆ ಕುಡಿಯಲು ಕೊಡುವುದು ಕಳಸಾ-ಬಂಡೂರಿ ಯೋಜನೆ. ಕರ್ನಾಟಕ ಕೇಳಿದ್ದು 7.56 ಟಿಎಂಸಿ. 2018ರ ಆಗಸ್ಟ್ 14ರ ನ್ಯಾಯಮಂಡಳಿಯ ತೀರ್ಪು ರಾಜ್ಯಕ್ಕೆ ಒಟ್ಟು 13.42 ಟಿಎಂಸಿ ಕೊಟ್ಟಿತು. ಆದರೆ ಅದರಲ್ಲಿ ಕಳಸಾ ಮತ್ತು ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.90 ಟಿಎಂಸಿ. ಕಣಕುಂಬಿಯಲ್ಲಿ ಅಗೆದ ಕಾಲುವೆ ವರ್ಷಗಟ್ಟಲೆ ಹಾಗೆಯೇ ನಿಂತಿತು. ನರಗುಂದದಲ್ಲಿ 2015ರ ಜುಲೈ ತಿಂಗಳಲ್ಲಿ ರೈತರು ಧರಣಿ ಕೂತರು. ಒಂದು ಕಡೆ ನೀರಿಗಾಗಿ ಕಾಯುವ ಬಯಲಿನ ರೈತ, ಇನ್ನೊಂದು ಕಡೆ ತನ್ನ ಕಾಡಿನ ನೀರು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳದ ಖಾನಾಪುರದ ಮನುಷ್ಯ. ಇಬ್ಬರೂ ಒಂದೇ ರಾಜ್ಯದವರು, ಇಬ್ಬರೂ ಹಿಂದುಳಿದ ಭಾಗದವರು. ಉತ್ತರ ಕರ್ನಾಟಕ ಎಂಬ ಒಂದೇ ಪದದಲ್ಲಿ ಇಬ್ಬರನ್ನೂ ಸೇರಿಸಿ ಮಾತಾಡುವಾಗ ನಾವು ಒಬ್ಬನ ಮಾತನ್ನು ಇನ್ನೊಬ್ಬನ ಬಾಯಲ್ಲಿ ಇಡುತ್ತಿರುತ್ತೇವೆ.

ವರದಿಗಳು ಹೀಗೆ ಘಟಕಗಳ ನಡುವೆ ಕಳೆದುಕೊಂಡದ್ದನ್ನು ಜನ ಎರಡು ಸಲ ತಮ್ಮದೇ ರೀತಿಯಲ್ಲಿ ಓದಿ ತೋರಿಸಿದರು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಗೋಲಿಬಾರ್ ನಡೆಯಿತು. ಅವರ ತಕರಾರು ಬೆಟರ್‌ಮೆಂಟ್ ಲೆವಿಯ ವಿರುದ್ಧ. ಸರ್ಕಾರ ಅದಕ್ಕೆ ಕೊಟ್ಟ ಕನ್ನಡದ ಹೆಸರು ಅಭಿವೃದ್ಧಿ ಕರ. ಕಾಲುವೆ ತಂದಿದ್ದೇವೆ, ನಿನ್ನ ಹೊಲದ ಬೆಲೆ ಏರಿದೆ, ಏರಿದ್ದರಲ್ಲಿ ನಮ್ಮ ಪಾಲು ಕೊಡು ಎಂಬುದು ಅದರ ತರ್ಕ. ಹೊಲಕ್ಕೆ ನೀರು ಸರಿಯಾಗಿ ಬರಲಿಲ್ಲ, ಹತ್ತಿಗೆ ಬೆಲೆ ಸಿಗಲಿಲ್ಲ, ಕರದ ನೋಟಿಸು ಮಾತ್ರ ಸರಿಯಾಗಿ ಬಂತು. ಅಭಿವೃದ್ಧಿ ಎಂಬ ಪದಕ್ಕೆ ಈ ನೆಲದಲ್ಲಿ ಮೊದಲು ತಗುಲಿಕೊಂಡ ಅರ್ಥ ಸಾಲ ಎಂಬುದನ್ನು ಮರೆಯಬಾರದು. ಆ ಗೋಲಿಬಾರಿನಿಂದಲೇ ಕರ್ನಾಟಕ ರಾಜ್ಯ ರೈತ ಸಂಘದ ಹುಟ್ಟಿಗೆ ನೆಲ ಹದವಾಯಿತು.

ಮುಂದಿನ ವರ್ಷ ನಿಪ್ಪಾಣಿ. ತಂಬಾಕಿಗೆ ನ್ಯಾಯವಾದ ಬೆಲೆ ಬೇಕೆಂದು 1981ರ ಮಾರ್ಚ್ ತಿಂಗಳಲ್ಲಿ ಸಾವಿರಾರು ರೈತರು ಹೆದ್ದಾರಿಯಲ್ಲಿ ಕೂತರು. ಮುಂದೆ ನಿಂತಿದ್ದವರು ಮಹಾರಾಷ್ಟ್ರದ ಶರದ್ ಜೋಶಿ. ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ 12 ರೈತರು ಸತ್ತರು. ಮಹಾಜನ ವರದಿ ಅತ್ತ ಕೊಡಬೇಕೆಂದ, ಕರ್ನಾಟಕ ಬಿಡೆನೆಂದ ಅದೇ ನಿಪ್ಪಾಣಿ ಇದು. ಅಲ್ಲಿ ರಸ್ತೆಯ ಮೇಲೆ ಕೂತವರಲ್ಲಿ ಕನ್ನಡದವರೂ ಇದ್ದರು, ಮರಾಠಿಯವರೂ ಇದ್ದರು. ತಂಬಾಕಿನ ವಖಾರಿಯಲ್ಲಿ ಬೆಲೆ ಕಟ್ಟುವವನು ಯಾವ ಭಾಷೆಯಲ್ಲಿ ಕಡಿಮೆ ಬೆಲೆ ಹೇಳಿದ ಎಂಬುದು ಅವರಿಗೆ ಮುಖ್ಯವಾಗಲಿಲ್ಲ. ಗಡಿನಾಡಿನ ಇತಿಹಾಸದಲ್ಲಿ ಎರಡು ಭಾಷೆಯ ಜನ ಒಂದೇ ಪ್ರಶ್ನೆಯನ್ನು ಒಟ್ಟಿಗೆ ಕೇಳಿದ ಇಂಥ ಗಳಿಗೆಗಳು ಕಡಿಮೆ. ಐದು ವರ್ಷದ ನಂತರ 1986ರಲ್ಲಿ ಮತ್ತೆ ಗುಂಡು ಹಾರಿದಾಗ ಪ್ರಶ್ನೆ ಭಾಷೆಗೆ ಮರಳಿತ್ತು. ನಾಡಿನ ನೆನಪಿನಲ್ಲಿ ಹಿಂಡಲಗಾದ ಸ್ಮಾರಕಕ್ಕೆ ಸಿಕ್ಕ ಜಾಗ ನಿಪ್ಪಾಣಿಯ 12 ಜನರಿಗೆ ಸಿಗಲಿಲ್ಲ. ಭಾಷೆಗಾಗಿ ಸತ್ತವರನ್ನು ಆಯಾ ಭಾಷೆಯವರು ನೆನೆಯುತ್ತಾರೆ, ಬೆಲೆಗಾಗಿ ಸತ್ತವರನ್ನು ನೆನೆಯುವ ಭಾಷೆ ಯಾವುದೆಂದು ಇನ್ನೂ ತೀರ್ಮಾನವಾಗಿಲ್ಲ.

1980 ನಮ್ಮ ಸಾಹಿತ್ಯ ಚರಿತ್ರೆಗೂ ಮುಖ್ಯವಾದ ವರ್ಷ. ಶಾಲೆಗಳಲ್ಲಿ ಕನ್ನಡದ ಸ್ಥಾನ ಕುರಿತು ವಿ.ಕೃ. ಗೋಕಾಕ್ ಸಮಿತಿ ನೇಮಕವಾದದ್ದು ಆಗ. ಬೆಳಗಾವಿಯಲ್ಲಿ 52ನೆಯ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿದ್ದೂ ಆ ವರ್ಷವೇ. ಅಧ್ಯಕ್ಷರು ಗೋಕಾಕ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿ. 1942ರ ಚಳವಳಿಯಲ್ಲಿ ಸೆರೆಮನೆ ಕಂಡಿದ್ದ, 'ಮಾಡಿ ಮಡಿದವರು' ಬರೆದ, 'ಜ್ವಾಲಾಮುಖಿಯ ಮೇಲೆ' ಕಾದಂಬರಿಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಪಡೆದ ಲೇಖಕ. ಭಾಷೆಯ ಚಳವಳಿ, ರೈತರ ಚಳವಳಿ, ಪ್ರಗತಿಶೀಲ ಕಾದಂಬರಿಕಾರನೊಬ್ಬನ ಅಧ್ಯಕ್ಷತೆ ಮೂರೂ ಒಂದೇ ವರ್ಷದಲ್ಲಿ, ಒಂದೇ ಭೂಭಾಗದ ಸುತ್ತ ನಡೆದವು. ಆದರೂ ನಮ್ಮ ಪಠ್ಯಕ್ರಮಗಳು ಗೋಕಾಕ್ ಚಳವಳಿಯನ್ನು ಸಾಹಿತ್ಯದ ಅಧ್ಯಾಯವಾಗಿಯೂ ನರಗುಂದವನ್ನು ಅದರ ಅಡಿಟಿಪ್ಪಣಿಯಾಗಿಯೂ ಓದಿಸುತ್ತವೆ.

ಇಲ್ಲಿ ನನ್ನ ತಕರಾರು ವರದಿ ಬರೆದವರಿಗಿಂತ ನಮ್ಮ ವಿಮರ್ಶೆಯ ಮೇಲೇ ಹೆಚ್ಚು. ಈ ಸೀಮೆಯ ಕಾದಂಬರಿಗಳ ಬಗ್ಗೆ ಬರೆಯುವಾಗ ನಾವು ತಪ್ಪದೆ ಬಳಸುವ ಎರಡು ಪದಗಳು 'ಪ್ರಾದೇಶಿಕ' ಮತ್ತು 'ಸೊಗಡು'. ಶೇಡಬಾಳದ ಮಿರ್ಜಿ ಅಣ್ಣಾರಾಯರ 'ನಿಸರ್ಗ' ಇರಲಿ, ರಾವಬಹಾದ್ದೂರರ 'ಗ್ರಾಮಾಯಣ' ಇರಲಿ, ಘೋಡಗೇರಿಯ ಚಂದ್ರಶೇಖರ ಕಂಬಾರರ 'ಕರಿಮಾಯಿ' ಇರಲಿ, ಅವುಗಳ ಭಾಷೆಯ ಸೊಬಗನ್ನು ಮೆಚ್ಚಿಕೊಂಡು ನಾವು ಮುಂದೆ ಹೋಗುತ್ತೇವೆ. ಈ ಸೀಮೆಯ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳಬೇಕು. ಉತಾರ, ತಲಾಠಿ, ಕುಲಕರ್ಣಿ, ವತನ, ದೇಸಗತಿ, ಮಾಮಲೇದಾರ, ಕಚೇರಿ, ಫಾಳಾಪಟ್ಟಿ. ಇವು ಬರೀ ಸೊಗಡಿನ ಪದಗಳಲ್ಲ. ಹೊಲ ಯಾರ ಹೆಸರಿನಲ್ಲಿದೆ, ಲೆಕ್ಕ ಯಾರ ಕೈಯಲ್ಲಿದೆ, ಯಾರು ಯಾರ ಮುಂದೆ ಕೈಕಟ್ಟಿ ನಿಲ್ಲಬೇಕು ಎಂಬುದನ್ನು ಹೇಳುವ ಪದಗಳು. ಪೇಶವೆಗಳ ಕಾಲದಿಂದ ಮುಂಬೈ ಇಲಾಖೆಯ ಮೂಲಕ ನಮ್ಮ ಕನ್ನಡಕ್ಕೆ ಇಳಿದ ಅಧಿಕಾರದ ಪದಕೋಶ ಇದು. ಇದರ ಬಹುಭಾಗ ಕನ್ನಡಕ್ಕೂ ಮರಾಠಿಗೂ ಸಮಾನ. ಗಡಿ ಎಲ್ಲಿದೆಯೆಂದು ಜಗಳವಾಡುವ ಎರಡು ಭಾಷೆಗಳು, ಬಡವನನ್ನು ಕಚೇರಿಯಲ್ಲಿ ನಿಲ್ಲಿಸಿಕೊಳ್ಳುವಾಗ ಒಂದೇ ಪದಗಳನ್ನು ಬಳಸುತ್ತವೆ.

1957ರಲ್ಲಿ ಬಂದ 'ಗ್ರಾಮಾಯಣ'ವನ್ನು ಈ ಕಣ್ಣಿನಿಂದ ಮತ್ತೆ ಓದಬಹುದು. ಏಕೀಕರಣವಾದ ಮರುವರ್ಷವೇ ಪ್ರಕಟವಾದ ಈ ಕಾದಂಬರಿಗೆ ನಾಯಕ ಎಂಬ ಒಬ್ಬ ವ್ಯಕ್ತಿಯಿಲ್ಲ. ಪಾದಳ್ಳಿ ಎಂಬ ಊರೇ ಅದರ ನಾಯಕ. ಆ ಊರು ಏಳಿಗೆಯಾಗುವುದಿಲ್ಲ, ಕುಸಿಯುತ್ತದೆ. ರಾಜ್ಯವೊಂದು ಹುಟ್ಟಿದ ಸಂಭ್ರಮದ ಹೊತ್ತಿನಲ್ಲಿ ಉತ್ತರ ಕರ್ನಾಟಕದ ಲೇಖಕನೊಬ್ಬ ಊರೊಂದು ಒಳಗಿನಿಂದ ಶಿಥಿಲವಾಗುವುದನ್ನು ಬರೆದ. ವಿಮರ್ಶೆ ಅದನ್ನು ಮಾನವ ಸ್ವಭಾವದ ಕೇಡಿನ ಕತೆಯೆಂದು, ವಿಧಿಯ ಕತೆಯೆಂದು ಓದಿತು. ಹಾಗೆ ಓದುವುದು ತಪ್ಪಲ್ಲ. ಆದರೆ ಅಷ್ಟಕ್ಕೇ ನಿಂತರೆ, ಅಧಿಕಾರ ಕೆಲವೇ ಮನೆಗಳಲ್ಲಿ ಕೂಡಿಕೊಂಡಿರುವ ಊರು ಹೊರಗಿನ ಒಂದು ಪೆಟ್ಟನ್ನೂ ತಾಳಲಾರದು ಎಂದು ಕಾದಂಬರಿ ಹೇಳುವ ಮಾತು ಕೇಳಿಸುವುದಿಲ್ಲ. ನಂಜುಂಡಪ್ಪ ವರದಿ ತಾಲ್ಲೂಕನ್ನು ಘಟಕ ಮಾಡಿಕೊಂಡು 45 ವರ್ಷಗಳ ನಂತರ ಕಾಣಲಾರದೆ ಹೋದದ್ದನ್ನು ಒಂದು ಹಳ್ಳಿಯನ್ನು ಘಟಕ ಮಾಡಿಕೊಂಡ ಕಾದಂಬರಿ ಆಗಲೇ ಕಂಡಿತ್ತು. ತಾಲ್ಲೂಕುಗಳ ನಡುವಿನ ಅಸಮತೋಲನಕ್ಕಿಂತ ಹಳೆಯದು ಊರೊಳಗಿನ ಅಸಮತೋಲನ. ಕಂಬಾರರ 'ಜೋಕುಮಾರಸ್ವಾಮಿ' 1972ರಲ್ಲಿ, ಹೊಲ ಉಳುವವನದೋ ಗೌಡನದೋ ಎಂದು ಕೇಳಿತು. ಗೇಣಿ ಪದ್ಧತಿಯನ್ನು ರದ್ದುಮಾಡಿದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಇಲ್ಲಿ ನಾಟಕ ಕಾನೂನಿಗಿಂತ ಎರಡು ವರ್ಷ ಮುಂದಿತ್ತು. ಆದರೂ ಅದರ ಬಗ್ಗೆ ನಾವು ಬರೆದದ್ದು ಹೆಚ್ಚಾಗಿ ಜಾನಪದದ ಬಗ್ಗೆ.

ಇದಕ್ಕೆ ಒಂದು ಎದುರು ಮಾತು ಬರುತ್ತದೆ, ಅದು ತಳ್ಳಿಹಾಕುವಂಥದ್ದಲ್ಲ. ಭಾಷೆಯ ಪ್ರಶ್ನೆಯೇ ಹುಸಿ, ಹೊಟ್ಟೆಯ ಪ್ರಶ್ನೆಯೊಂದೇ ನಿಜ ಎಂದು ಹೇಳುತ್ತಿದ್ದೀಯಾ ಎಂದು ಕೇಳಬಹುದು. ಹಾಗಲ್ಲ. 1890ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ ಕಟ್ಟಿದವರಿಗೆ ಕನ್ನಡ ಶಾಲೆ ಎಂದರೆ ಕನ್ನಡದ ಮಕ್ಕಳಿಗೆ ಸರ್ಕಾರಿ ಕೆಲಸದ ಬಾಗಿಲೂ ಆಗಿತ್ತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಜೊತೆಗೇ ಏಕೀಕರಣ ಸಮ್ಮೇಳನ ಸೇರಿದ್ದು, ಹುಯಿಲಗೋಳ ನಾರಾಯಣರಾಯರ ಹಾಡು ಮೊಳಗಿದ್ದು ಬರೀ ಭಾವುಕತೆಯಿಂದಲ್ಲ. ಹಂಚಿಹೋದ ಜನಕ್ಕೆ ಯಾವ ಆಡಳಿತದಲ್ಲೂ ದನಿಯಿಲ್ಲ ಎಂಬ ಅನುಭವ ಅದರ ಹಿಂದಿತ್ತು. ಕಚೇರಿಯ ನೋಟಿಸು ತನಗೆ ಓದಲು ಬಾರದ ಭಾಷೆಯಲ್ಲಿ ಬಂದಾಗ ಆಗುವ ಕಷ್ಟ ಆ ಕಾಲದ ಕನ್ನಡಿಗನಿಗೆ ನಿಜವಾಗಿತ್ತು. ಇಂದಿನ ಖಾನಾಪುರದ ಮರಾಠಿ ಮಾತಾಡುವ ಮುದುಕಿಗೂ ಅದು ಅಷ್ಟೇ ನಿಜ. ಇದನ್ನು ಒಪ್ಪಲು ಕನ್ನಡದ ಮೇಲಿನ ಪ್ರೀತಿ ಅಡ್ಡ ಬರಬಾರದು. ನಮ್ಮ ಹಿರಿಯರು ಮುಂಬೈ ಇಲಾಖೆಯಲ್ಲಿ ಏನು ಕೇಳಿದರೋ ಅದನ್ನೇ ಇನ್ನೊಬ್ಬರು ನಮ್ಮನ್ನು ಕೇಳಿದಾಗ ಕಿವುಡರಾಗುವುದು ಏಕೀಕರಣದ ಪಾಠವನ್ನು ಅರ್ಧಕ್ಕೆ ಬಿಟ್ಟಂತೆ.

ನನ್ನ ಮಾತು ಇಷ್ಟೇ: ಭಾಷೆಯ ಪ್ರಶ್ನೆಯೊಳಗೆ ಬದುಕಿನ ಪ್ರಶ್ನೆ ಮೊದಲಿನಿಂದಲೂ ಇತ್ತು, ನಾವು ಅದನ್ನು ಹೊರಗೆ ತೆಗೆದುಬಿಟ್ಟೆವು. ಜತ್ತದ ಉದಾಹರಣೆ ನೋಡಿ. ಸಾಂಗಲಿ ಜಿಲ್ಲೆಯ ಈ ತಾಲ್ಲೂಕಿನ ಪೂರ್ವದ ಕನ್ನಡ ಹಳ್ಳಿಗಳು ಬರದಿಂದ ಬೇಸತ್ತು, ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಎಂದು ಠರಾವು ಮಾಡಿದ್ದವು. 2022ರಲ್ಲಿ ಆ ಠರಾವು ಮತ್ತೆ ಸುದ್ದಿಯಾದಾಗ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಜತ್ತದ ಕೆರೆಗೆ ಹರಿಯಿತು. ಮಹಾರಾಷ್ಟ್ರ ಮ್ಹೈಸಾಳ ಯೋಜನೆಯ ವಿಸ್ತರಣೆಯನ್ನು ಅವಸರದಲ್ಲಿ ಕೈಗೆತ್ತಿಕೊಂಡಿತು. ಆ ಹಳ್ಳಿಗಳವರು ನಾವು ಕನ್ನಡಿಗರು ಎಂದದ್ದು ಸುಳ್ಳಲ್ಲ. ಆದರೆ ಅವರು ಅದನ್ನು ಹೇಳಿದ ಸಂದರ್ಭ ನೀರಿನದು. ಮಹಾಜನ ವರದಿಯ 247 ಊರುಗಳ ಪಟ್ಟಿಯಿಂದ 55 ವರ್ಷ ಆಗದ ಕೆಲಸ ಎರಡು ಸರ್ಕಾರಗಳ ಪೈಪೋಟಿಯಿಂದ ಕೆಲವೇ ವಾರಗಳಲ್ಲಿ ಶುರುವಾಯಿತು. ಗಡಿಯ ಜನಕ್ಕೆ ಭಾಷೆ ಗುರುತೂ ಹೌದು, ಚೌಕಾಸಿಯ ಕೊನೆಯ ಕಾಸೂ ಹೌದು.

ಹೊರಗಿನ ಜಗತ್ತಿನ ಜೊತೆ ಹೋಲಿಸಿದರೆ ನಮ್ಮ ಪರಿಸ್ಥಿತಿಯ ವಿಶೇಷ ಇನ್ನಷ್ಟು ಸ್ಪಷ್ಟವಾಗುತ್ತದೆ. ಆಫ್ರಿಕಾದ ಹೊಸ ದೇಶಗಳು 1964ರ ಕೈರೋ ಸಭೆಯಲ್ಲಿ ಯೂರೋಪಿನವರು ಎಳೆದ ಗಡಿಗಳನ್ನೇ ಉಳಿಸಿಕೊಳ್ಳಲು ತೀರ್ಮಾನಿಸಿದವು. ಭಾರತ ಒಳಗಿನ ಗಡಿಗಳನ್ನು ಭಾಷೆಯ ಮೇಲೆ ಮತ್ತೆ ಬರೆಯಿತು. ಒಬ್ಬರು ಗೆರೆ ಉಳಿಸಿಕೊಂಡರು, ಇನ್ನೊಬ್ಬರು ಬದಲಿಸಿಕೊಂಡರು. ಆದರೆ ಫ್ರಾಂಟ್ಜ್ ಫ್ಯಾನನ್ 1961ರಲ್ಲೇ ಹೇಳಿದ್ದ ರೋಗ ಇಬ್ಬರಿಗೂ ತಗುಲಿತು. ಸ್ವಾತಂತ್ರ್ಯದ ನಂತರ ಅಧಿಕಾರಕ್ಕೆ ಬರುವ ವರ್ಗ ಉತ್ಪಾದನೆ ಮಾಡುವುದಿಲ್ಲ, ನಡುವೆ ನಿಂತು ದಲಾಲಿ ತೆಗೆದುಕೊಳ್ಳುತ್ತದೆ ಮತ್ತು ಪ್ರತಿಷ್ಠೆಯ ಕಟ್ಟಡಗಳನ್ನು ಕಟ್ಟುತ್ತದೆ ಎಂಬುದು ಅವನ ಮಾತಿನ ಸಾರ. ಅವನು ಅಲ್ಜೀರಿಯಾದ ಅನುಭವದಿಂದ ಬರೆದದ್ದು ನಿಜ. ಶೇಕಡಾವಾರು ಲೆಕ್ಕದ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬಂದ ಸುದ್ದಿಗಳನ್ನು ಓದಿದವರಿಗೆ ಅಲ್ಜೀರಿಯಾ ದೂರವೆನಿಸುವುದಿಲ್ಲ.

ಸುವರ್ಣ ವಿಧಾನಸೌಧವನ್ನು ಈ ಹಿನ್ನೆಲೆಯಲ್ಲಿ ಒಂದು ಪಠ್ಯವಾಗಿ ಓದಬೇಕು. 2006ರಲ್ಲಿ ಮೊದಲ ಸಲ ಬೆಳಗಾವಿಯಲ್ಲಿ ಅಧಿವೇಶನ ಸೇರಿತು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಹಲಗಾದ ಗುಡ್ಡದ ಮೇಲಿನ ಕಟ್ಟಡವನ್ನು ಉದ್ಘಾಟಿಸಿದರು. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಸುಮಾರು ಹತ್ತು ದಿನ ಅಲ್ಲಿ ಸದನ ನಡೆಯುತ್ತದೆ. ಬೆಳಗಾವಿ ನಮ್ಮದು ಎಂಬ ವಾಕ್ಯವನ್ನು ಕಲ್ಲಿನಲ್ಲಿ ಬರೆದರೆ ಹೇಗಿರುತ್ತದೆಯೋ ಹಾಗಿದೆ ಆ ಕಟ್ಟಡ. 2014ರಲ್ಲಿ ಬೆಲ್ಗಾಂ ಬೆಳಗಾವಿಯಾಯಿತು, 2021ರಲ್ಲಿ ಮುಂಬೈ ಕರ್ನಾಟಕ ಕಿತ್ತೂರು ಕರ್ನಾಟಕವಾಯಿತು. ಹೆಸರು ಬದಲಿಸುವುದರಲ್ಲಿ ತಪ್ಪೇನಿಲ್ಲ, ಹೆಸರಿಗೂ ಘನತೆಗೂ ಸಂಬಂಧವಿದೆ. ಆದರೆ ಅಭಿವೃದ್ಧಿಯ ಬಗೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಖರ್ಚಿನದು ಹೆಸರು ಬದಲಿಸುವುದು.

ಆ ಕಟ್ಟಡದಿಂದ ಯಾರೂ ಯೋಜಿಸದ ಒಂದು ಉಪಯೋಗವಾಗಿದೆ ಎಂದೂ ಹೇಳಬೇಕು. ಅಧಿವೇಶನದ ದಿನಗಳಲ್ಲಿ ಅದರ ಸುತ್ತಲ ಬಯಲಿನಲ್ಲಿ ಟೆಂಟುಗಳು ಏಳುತ್ತವೆ. ಕಬ್ಬಿನ ಬೆಲೆ ಕೇಳುವ ರೈತರು, ಆಶಾ ಕಾರ್ಯಕರ್ತೆಯರು, ಅತಿಥಿ ಉಪನ್ಯಾಸಕರು, ಮೀಸಲಾತಿ ಕೇಳುವ ಸಮುದಾಯಗಳು ಚಳಿಯಲ್ಲಿ ಬಂದು ಕೂರುತ್ತಾರೆ. ಒಳಗೆ ನಡೆಯುವ ಚರ್ಚೆಯ ನಡಾವಳಿಗಿಂತ ಹೊರಗಿನ ಆ ಫಲಕಗಳನ್ನು ಸಾಲಾಗಿ ಓದಿದರೆ ನಂಜುಂಡಪ್ಪ ವರದಿಯ ಮುಂದಿನ ಅಧ್ಯಾಯ ಸಿಗುತ್ತದೆ. ಅಲ್ಲಿ ಘಟಕ ತಾಲ್ಲೂಕೂ ಅಲ್ಲ, ಭಾಷೆಯೂ ಅಲ್ಲ. ಮಾಡಿದ ಕೆಲಸ ಮತ್ತು ಅದಕ್ಕೆ ಸಿಗದ ಸಂಬಳ, ಬೆಳೆದ ಬೆಳೆ ಮತ್ತು ಅದಕ್ಕೆ ಸಿಗದ ಬೆಲೆ.

ಹಿಂಡಲಗಾದ ರಸ್ತೆಯ ವಿಷಯವೂ ಕೊನೆಗೆ ಇದೇ. ಕೆಲಸವಾಗಿದೆ, ಆದೇಶವಿಲ್ಲ. ವಿಶೇಷ ಅಭಿವೃದ್ಧಿ ಯೋಜನೆಯ ಬಗ್ಗೆ ಈ ಭಾಗದವರ ದೂರು ಇದರ ತಲೆಕೆಳಗು: ಆದೇಶವಿದೆ, ಕೆಲಸವಾಗಿಲ್ಲ. ಈ ಎರಡರ ನಡುವಿನ ಜಾಗದಲ್ಲಿ ಕಮಿಷನ್ ಹುಟ್ಟುತ್ತದೆ, ಗಡಿಯ ರಾಜಕಾರಣ ಹುಟ್ಟುತ್ತದೆ, ಅಲ್ಲೇ ಮನುಷ್ಯರು ಸಾಯುತ್ತಾರೆ. ಒಂದು ಕಾಲಕ್ಕೆ ಪಾದಳ್ಳಿಯ ಕತೆ ಹೇಳಬಲ್ಲವನಾಗಿದ್ದ ಕನ್ನಡ ಕಾದಂಬರಿಕಾರ ಈ ಜಾಗಕ್ಕೆ ಇನ್ನೂ ಇಳಿದಿಲ್ಲ. ಇಳಿಯಬೇಕಾದರೆ ಅವನಿಗೆ ಟೆಂಡರು, ಬಿಲ್ಲು, ಅಂದಾಜುಪಟ್ಟಿ, ಬಿ ರಿಪೋರ್ಟಿನ ಭಾಷೆ ಗೊತ್ತಿರಬೇಕು. ಕಟ್ಟೀಮನಿಯವರ ತಲೆಮಾರಿಗೆ ಗೇಣಿ ಚೀಟಿಯ ಭಾಷೆ ಗೊತ್ತಿದ್ದ ಹಾಗೆ.

ಸಂಶೋಧನೆ ಮಾಡುತ್ತಿರುವ ನನ್ನಂಥವರು ಮಾಡಬಹುದಾದ ಕೆಲಸ ಸಣ್ಣದು, ಆದರೆ ಮಾಡಬಹುದಾದದ್ದು. ಮಹಾಜನ ವರದಿಯನ್ನು ಗೋಡೆಯಿಂದ ಇಳಿಸಿ ಪೂರ್ತಿ ಓದಬೇಕು. ನಂಜುಂಡಪ್ಪ ವರದಿಯನ್ನು ಅರ್ಥಶಾಸ್ತ್ರ ವಿಭಾಗದ ಕಪಾಟಿನಿಂದ ತಂದು 'ಗ್ರಾಮಾಯಣ'ದ ಪಕ್ಕದಲ್ಲಿಡಬೇಕು. ನಿಪ್ಪಾಣಿಯ ಬಗ್ಗೆ ಮರಾಠಿಯಲ್ಲಿ ಏನು ಬರೆದಿದ್ದಾರೆಂದು ಕನ್ನಡದಲ್ಲಿ ಹೇಳಬೇಕು, ನರಗುಂದದ ಬಗ್ಗೆ ನಾವು ಬರೆದದ್ದನ್ನು ಅವರಿಗೆ ಮುಟ್ಟಿಸಬೇಕು. ಎರಡು ಭಾಷೆಯಲ್ಲೂ ಉತಾರಕ್ಕೆ ಉತಾರ ಎಂದೇ ಹೆಸರು. ಅನುವಾದ ಅಲ್ಲಿಂದ ಶುರುವಾಗಬಹುದು.